ಪುಸ್ತಕದಲ್ಲಿ ಹಾಗಿಲ್ಲ

ನನ್ನ ಅಣ್ಣನ ಮಗನಿಗೆ ಕೆಂಗೇರಿ ಕಡೆಯ ಟೆಕ್ ಪಾರ್ಕೊಂದರಲ್ಲಿ ಕೆಲಸ. 2019ರ ಮೇ 20ರ ಸೋಮವಾರ ಅವನು ರಜೆ ಹಾಕಿದ. ಮನೆಯಲ್ಲಿ ಮದುವೆಯಿರಲಿಲ್ಲ, ಮುಂಜಿಯಿರಲಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕೊನೆಯ ಕಂತಿತ್ತು. ಅಮೆರಿಕದವರು ನೋಡುವ ಹೊತ್ತಿಗೇ ತಾನೂ ನೋಡಬೇಕೆಂದು, ಎಂದೂ ಎಂಟಕ್ಕೆ ಮೊದಲು ಏಳದ ಹುಡುಗ ಆರೂವರೆಗೆ ಸ್ನಾನ ಮಾಡಿ ಕೂತಿದ್ದ. ನೋಡಿದ ಮೇಲೆ ಮನೆಗೆ ಸೂತಕ ಬಂತು. ಮಧ್ಯಾಹ್ನ ಊಟಕ್ಕೆ ಕರೆದರೆ, “ಹಾಳು ಮಾಡ್ಬಿಟ್ರು ಅತ್ತೆ, ಪೂರ್ತಿ ಹಾಳು ಮಾಡ್ಬಿಟ್ರು” ಎಂದ. ಡ್ರ್ಯಾಗನ್ ಸುಟ್ಟ ಊರಿಗೆ ಅವನಷ್ಟು ಮರುಗಿದವರು ಆ ಊರಿನಲ್ಲೇ ಇರಲಾರರು.

ವಿಷಯ ಇಷ್ಟು. ಜಾರ್ಜ್ ಆರ್. ಆರ್. ಮಾರ್ಟಿನ್ ಐದನೆಯ ಸಂಪುಟವನ್ನು 2011ರಲ್ಲಿ ಕೊಟ್ಟರು. ಧಾರಾವಾಹಿ ಶುರುವಾದದ್ದೂ ಅದೇ ವರ್ಷ. ಆರನೆಯ ಸಂಪುಟ ಬರಲೇ ಇಲ್ಲ. ಟಿವಿಯವರು ಕಾಯುವಷ್ಟು ಕಾದು, ಪುಸ್ತಕವನ್ನು ಹಿಂದೆ ಹಾಕಿ ಮುಂದೆ ನಡೆದರು. “ಪುಸ್ತಕ ಇರೋವರೆಗೂ ಚೆನ್ನಾಗಿತ್ತು” ಎನ್ನುವುದು ಅಣ್ಣನ ಮಗನ ಪಂಥದವರ ಮೂಲಮಂತ್ರ. ಕೊನೆಯ ಭಾಗವನ್ನು ಮತ್ತೆ ತೆಗೆಯಬೇಕೆಂಬ ಮನವಿಗೆ ಲೋಕದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಇವನೂ ಹಾಕಿದ. ನಮ್ಮ ರಸ್ತೆಗೆ ಡಾಂಬರು ಹಾಕಿಸುವ ಅರ್ಜಿಗೆ ಸಹಿ ಮಾಡು ಎಂದರೆ ಪೆನ್ನು ಸಿಗದ ಹುಡುಗ.

ಅವನ ದುಃಖ ನೋಡುತ್ತಾ ನನಗೆ ರಾಜಾಜಿನಗರದ ನಮ್ಮ ವಠಾರ ನೆನಪಾಯಿತು. ಅಲ್ಲೂ ಒಂದು ಮಾಯಾಲೋಕದ ಧಾರಾವಾಹಿ ಓಡಿತ್ತು, ಅದಕ್ಕೂ ಪುಸ್ತಕವಿತ್ತು, ಅದನ್ನು ಓದಿದವರು ಇಡೀ ವಠಾರದಲ್ಲಿ ಒಬ್ಬರೇ ಇದ್ದರು.

1994. ಧಾರಾವಾಹಿ ‘ಚಂದ್ರಕಾಂತಾ’. ದೇವಕೀನಂದನ ಖತ್ರಿ 1888ರಲ್ಲಿ ಬರೆದ ಹಿಂದಿ ಕಾದಂಬರಿ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ. ನೌಗಢದ ರಾಜಕುಮಾರ, ವಿಜಯಗಢದ ರಾಜಕುಮಾರಿ, ನಡುವೆ ಕ್ರೂರಸಿಂಹ. ವೇಷ ಮರೆಸುವ, ಪುಡಿ ಮೂಸಿಸಿ ಎಚ್ಚರ ತಪ್ಪಿಸುವ ಐಯಾರರು. ಒಳಹೊಕ್ಕರೆ ದಾರಿ ಸಿಗದ ತಿಲಿಸ್ಮ್ ಎಂಬ ಮಾಯಾಕೋಟೆ. ಓನರ್ ಮನೆಯ ಟಿವಿಗೆ ಮರದ ಬಾಗಿಲಿತ್ತು. ಭಾನುವಾರ ಅದು ದೇವರ ಮನೆಯ ಬಾಗಿಲಿಗಿಂತ ಮೊದಲು ತೆರೆಯುತ್ತಿತ್ತು. ದೋಸೆಯ ಹೊಗೆಯ ನಡುವೆ ನಾವೆಲ್ಲ ನೆಲದ ಮೇಲೆ, ಅಜ್ಜಿಯರು ಗೋಡೆಗೊರಗಿ, ಬಾಡಿಗೆ ಬಾಕಿಯಿದ್ದವರು ಹೊಸ್ತಿಲಾಚೆ.

ಓದಿದ ಆ ಒಬ್ಬರೆಂದರೆ ಹಿಂದಿ ಟೀಚರು. ಮೈಸೂರು ಹಿಂದಿ ಪ್ರಚಾರ ಪರಿಷತ್ತು ನಮ್ಮ ರಾಜಾಜಿನಗರದಲ್ಲೇ, ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲೇ ಇರುವುದರಿಂದ ಪ್ರಥಮಾ, ಮಧ್ಯಮಾ ಪರೀಕ್ಷೆಗಳಿಂದ ನಮ್ಮ ಕಡೆಯ ಮಕ್ಕಳಿಗೆ ಬಿಡುಗಡೆಯೇ ಇರಲಿಲ್ಲ. ಟೀಚರು ರತ್ನ ಮುಗಿಸಿದವರು. ಸಂಜೆ ಪಾಠ ಹೇಳುತ್ತಿದ್ದರು. ವಠಾರದಲ್ಲಿ ಯಾರಿಗೂ ಹಿಂದಿ ಬಾರದ ಕಾರಣ ಧಾರಾವಾಹಿಯ ಕನ್ನಡ ಅವರ ಬಾಯಿಂದಲೇ ಬರಬೇಕಿತ್ತು. ಆದರೆ ಅವರು ಕಥೆ ಹೇಳುವುದಕ್ಕಿಂತ ತಪ್ಪು ತಿದ್ದುವುದರಲ್ಲೇ ಮುಳುಗಿರುತ್ತಿದ್ದರು. “ಈಗೇನಂದ ಟೀಚರ್?” ಎಂದರೆ, “ಏನೋ ಅಂದ, ಪುಸ್ತಕದಲ್ಲಿ ಹಾಗಿಲ್ಲ.” ಅಷ್ಟರಲ್ಲಿ ಕತ್ತಿಗಳು ಹೊರಬಂದಿರುತ್ತಿದ್ದವು. ಧಾರಾವಾಹಿ ಮಾಡಿದ ನೀರಜಾ ಗುಲೇರಿಯವರ ಅಜ್ಜ ‘ಉಸನೇ ಕಹಾ ಥಾ’ ಎಂಬ ಹೆಸರಾಂತ ಕಥೆ ಬರೆದ ಚಂದ್ರಧರ ಶರ್ಮ ಗುಲೇರಿ. ಇದನ್ನು ಟೀಚರು ಎಲ್ಲಿಂದಲೋ ತಿಳಿದುಕೊಂಡ ದಿನ ಸಿಟ್ಟು ನೆತ್ತಿಗೇರಿತು. “ಅಂಥ ಅಜ್ಜನ ಮೊಮ್ಮಗಳಾಗಿ ಹೀಗಾ ಮಾಡೋದು?” ಎಂದು ಹದಿನೈದು ಪೈಸೆಯ ಕಾರ್ಡಿನಲ್ಲಿ ದೆಹಲಿಗೆ ಶುದ್ಧ ಹಿಂದಿಯಲ್ಲಿ ಬರೆದು ಹಾಕಿದರು. ಜವಾಬು ಬರಲಿಲ್ಲ. ಅವರದೂ ಒಂದು ಸಹಿಯೇ ತಾನೆ!

ಟೀಚರು ಕೈಕೊಟ್ಟ ಕಡೆಯಲ್ಲೆಲ್ಲ ಕಥೆಯನ್ನು ವಠಾರವೇ ವಹಿಸಿಕೊಂಡಿತು. ನನ್ನಜ್ಜಿಯ ಪ್ರಕಾರ ರಾಜಕುಮಾರಿಯ ಎಲ್ಲ ಕಷ್ಟಕ್ಕೂ ತಲೆಗೂದಲು ಬಿಚ್ಚಿಕೊಂಡು ಓಡಾಡುವುದೇ ಕಾರಣ. ಬದ್ರಿನಾಥ ಎಂಬ ಐಯಾರನ ಪಾತ್ರದ ಹುಡುಗನನ್ನು ಅವಳು ‘ನಿದ್ದೆಗಣ್ಣಿನವನು’ ಎಂದು ಕರೆಯುತ್ತಿದ್ದಳು. ಅವನು ಬಂದಾಗಲೆಲ್ಲ “ಪಾಪ, ರಾತ್ರಿಯೆಲ್ಲಾ ವೇಷ ಹಾಕಿ ಹಾಕಿ ಸುಸ್ತು” ಎಂದು ಮರುಗುತ್ತಿದ್ದಳು. ಆ ಕಣ್ಣುಗಳ ಹೆಸರು ಇರ್ಫಾನ್ ಖಾನ್ ಎಂದು ಲೋಕಕ್ಕೆ ತಿಳಿಯುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು.

ಮಹಡಿ ಮನೆಯ ಮಾಮ ಕಿರ್ಲೋಸ್ಕರಿನಲ್ಲಿ ಫಿಟ್ಟರು. ಅವರಿಗೆ ಪ್ರೇಮ ಬೇಡ, ಯುದ್ಧ ಬೇಡ. ತಿಲಿಸ್ಮಿನ ಬಾಗಿಲು ತೆರೆದ ತಕ್ಷಣ ಮುಂದೆ ಬಾಗುತ್ತಿದ್ದರು. “ಇದು ಮಂತ್ರ ಅಲ್ಲ ಕಣ್ರೋ. ಆ ಕಲ್ಲಿನ ಹಿಂದೆ ಕೌಂಟರ್ ವೇಯ್ಟ್ ಇದೆ. ಸರಪಣಿ ಎಳೆದ್ರೆ ಪುಲ್ಲಿ ತಿರುಗುತ್ತೆ, ಬಾಗಿಲು ತಾನಾಗೇ ಎದ್ದೇಳುತ್ತೆ.” ಕಥೆಯ ಮಧ್ಯೆ ಕಾರ್ಖಾನೆ ಯಾಕಪ್ಪ ಎಂದು ನಾವು ಗೊಣಗುತ್ತಿದ್ದೆವು. ಎಷ್ಟೋ ವರ್ಷಗಳ ಮೇಲೆ ಕಾದಂಬರಿ ಓದಿದಾಗ ನೋಡುತ್ತೇನೆ, ಖತ್ರಿಯ ತಿಲಿಸ್ಮ್ ನಡೆಯುವುದೇ ಹಾಗೆ, ಯಂತ್ರದಿಂದ, ರಸಾಯನದಿಂದ. ಚಕಿಯಾ, ನೌಗಢದ ಕಾಡುಗಳಲ್ಲಿ ಗುತ್ತಿಗೆದಾರನಾಗಿ ಓಡಾಡಿ, ಪಾಳುಕೋಟೆಗಳನ್ನು ಕಣ್ಣಾರೆ ನೋಡಿದ ಮನುಷ್ಯ ಆತ. ಹಿಂದಿ ರತ್ನಕ್ಕೆ ಕಾಣದ್ದು ಫಿಟ್ಟರಿಗೆ ಕಂಡಿತ್ತು.

ಆದರೆ ವಠಾರದ ಕಣ್ಮಣಿ ಕ್ರೂರಸಿಂಹನೇ. ಅಖಿಲೇಂದ್ರ ಮಿಶ್ರಾ ಹುಬ್ಬನ್ನು ಹಣೆಯ ಮೇಲಕ್ಕೆ ತಿರುಪಿಕೊಂಡು ಬಂದು “ಯಕ್ಕೂ!” ಎನ್ನುವುದೇ ತಡ, ತೊಟ್ಟಿಲ ಮಗುವಿನಿಂದ ಓನರ್ ತಾತನವರೆಗೆ ಎಲ್ಲರೂ ಯಕ್ಕೂ. ಚಂದ್ರಕಾಂತಾ ಓದುವುದಕ್ಕೆಂದೇ ಖತ್ರಿಯ ಕಾಲದಲ್ಲಿ ಎಷ್ಟೋ ಜನ ಹಿಂದಿ ಕಲಿತರೆಂದು ಟೀಚರು ಹೆಮ್ಮೆಯಿಂದ ಹೇಳುತ್ತಿದ್ದರು. ನಾವು ವಾರ ತಪ್ಪದೆ ನೋಡಿ ಕಲಿತದ್ದು ಒಂದೇ ಪದ, ಅದೂ ಹಿಂದಿಯದಲ್ಲ. ಪುಸ್ತಕದಲ್ಲಂತೂ ಇಲ್ಲವೇ ಇಲ್ಲ. ಟೀಚರಿಗೆ ಆ ಪದ ಕಿವಿಗೆ ಬಿದ್ದರೆ ತಲೆನೋವು. ಅದಕ್ಕೇ ಸಂಜೆ ಪಾಠಕ್ಕೆ ಹೋದ ಮಕ್ಕಳು ಹಾಜರಿಗೂ ಯಕ್ಕೂ ಎನ್ನುತ್ತಿದ್ದರು.

ಈಗ ಹಾಗೆ ನೋಡುವುದು ನಮ್ಮ ಕೈಲಿ ಆಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ದಶಕಗಳಿಂದ ಡಬ್ಬಿಂಗ್ ಬೇಡವೆಂದಿದ್ದ ನಾಡಿನಲ್ಲಿ ಸ್ಟಾರ್ ಸುವರ್ಣದವರು ಹಿಂದಿಯ ‘ಮಹಾಭಾರತ’ವನ್ನು ಕನ್ನಡ ಮಾತಾಡಿಸಿದರು. ಭಾಷೆಯ ತೊಡಕು ತಪ್ಪಿತು, ಸರಿ. ಆದರೆ ಈ ಸಲ ಸೋಫಾದ ಮೇಲೆ ಕೂತವರೆಲ್ಲ ಪುಸ್ತಕ ಓದಿದವರು. ಗಮಕ ಕೇಳಿ ಬೆಳೆದ ಚಿಕ್ಕಮ್ಮ, “ಕುಮಾರವ್ಯಾಸ ಹೀಗೆ ಹೇಳಿಲ್ಲ” ಎಂದರೆ ಅವರ ಮಗ ಭೈರಪ್ಪನವರ ‘ಪರ್ವ’ ಹಿಡಿದು ಪವಾಡಗಳನ್ನೆಲ್ಲ ಹೊಡೆದುಹಾಕುತ್ತಿದ್ದ. ನಿವೃತ್ತ ಕನ್ನಡ ಮೇಷ್ಟ್ರಾದ ಚಿಕ್ಕಪ್ಪ, ಪಂಪನಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ ಎಂಬ ಬಾಣ ಬಿಟ್ಟು ತಣ್ಣಗೆ ಕೂರುತ್ತಿದ್ದರು. ಎಲ್ಲರದೂ ಸರಿಯೇ. ಜಗಳ ಮುಗಿಯುವಷ್ಟರಲ್ಲಿ ಕಂತೂ ಮುಗಿದಿರುತ್ತಿತ್ತು. ಅಂದು ಸತ್ತವರು ಯಾರೆಂದು ಅಡುಗೆಮನೆಯಿಂದಲೇ ನೋಡುತ್ತಿದ್ದ ಕೆಲಸದ ಹುಡುಗಿಯನ್ನು ಕೇಳಬೇಕಿತ್ತು.

ಇನ್ನು ಚಂದ್ರಕಾಂತಾ. 1996ರಲ್ಲಿ ಅದು ನಿಂತೇ ಹೋಯಿತು. ಕೋರ್ಟು ಅಂದರು, ದೂರದರ್ಶನದ ಜಗಳ ಅಂದರು. ಅಂತೂ ಭಾನುವಾರ ಟಿವಿ ತೆರೆದರೆ ಬೇರೇನೋ ಬರುತ್ತಿತ್ತು. ಕ್ರೂರಸಿಂಹನ ಗತಿ ತಿಳಿಯದೆ ವಠಾರ ಚಡಪಡಿಸಿತು. ಕಡೆಗೆ ಎಲ್ಲರೂ ಟೀಚರ ಬಾಗಿಲಿಗೆ ಹೋದರು. “ನೀವು ಓದಿದೀರಲ್ಲಮ್ಮ, ನೀವೇ ಮುಗಿಸಿ.”

ಟೀಚರಿಗೆ ಕೊನೆಗೂ ತಮ್ಮ ಕಾಲ ಬಂದಂತಾಯಿತು. ಚಂದ್ರಕಾಂತಾ ನಾಲ್ಕು ಭಾಗ, ಅದರ ಹಿಂದೆ ‘ಚಂದ್ರಕಾಂತಾ ಸಂತತಿ’ ಇಪ್ಪತ್ತನಾಲ್ಕು ಭಾಗ, ಅದೂ ಸಾಲದೆ ‘ಭೂತನಾಥ’. ಅದನ್ನು ಮುಗಿಸದೆಯೇ ಖತ್ರಿ 1913ರಲ್ಲಿ ತೀರಿಕೊಂಡು, ಮಗ ದುರ್ಗಾಪ್ರಸಾದ ಮುಂದುವರಿಸಿದ್ದು. ಅಣ್ಣನ ಮಗ ಇದನ್ನು ಕೇಳಿದ್ದರೆ ಮಾರ್ಟಿನ್ನರಿಗೆ ಗಂಡುಮಕ್ಕಳಿದ್ದಾರೆಯೇ ಎಂದು ಹುಡುಕುತ್ತಿದ್ದನೋ ಏನೋ. ಸಂಜೆ ನಲ್ಲಿ ನೀರು ನಿಂತ ಮೇಲೆ ಜಗಲಿಯಲ್ಲಿ ಟೀಚರು ಪುಸ್ತಕ ಬಿಚ್ಚಿ ಕನ್ನಡದಲ್ಲಿ ಹೇಳತೊಡಗಿದರು, ಒಂದಕ್ಷರ ಬಿಡದೆ.

ಅಜ್ಜಿ ಮೊದಲು ಬಾಯಿಬಿಟ್ಟಳು. “ನಿದ್ದೆಗಣ್ಣಿನವನು ಟಿವೀಲಿ ಜಾಸ್ತಿ ಬರ್ತಿದ್ದ.” ಫಿಟ್ಟರ್ ಮಾಮ, “ಬಾಗಿಲು ತೆಗೀತು ಅಂದ್ರೆ ಆಯ್ತಾ? ಹೆಂಗೆ ತೆಗೀತು?” ಎಂದರು. ಮಕ್ಕಳದು ಒಂದೇ ಹಟ. ಕ್ರೂರಸಿಂಹ ಇಷ್ಟೇನಾ? ಯಕ್ಕೂ ಎಲ್ಲಿ?

“ಪುಸ್ತಕದಲ್ಲಿ ಇರೋದೇ ಹೀಗೆ!” ಎಂದು ಟೀಚರು ಪುಟ ತೋರಿಸಿದರು.

“ಟಿವೀಲಿ ಹಾಗಿಲ್ಲ” ಎಂದಿತು ಇಡೀ ವಠಾರ.

ಮರುದಿನ ಜಗಲಿಗೆ ಬಂದವರು ಅರ್ಧಕ್ಕರ್ಧ ಕಡಿಮೆ. ಅದರ ಮರುದಿನ ಅಜ್ಜಿ ಮತ್ತು ನಾನು. ಅವತ್ತು ಟೀಚರು ಸ್ವಲ್ಪ ಹೊತ್ತು ಪುಸ್ತಕ ನೋಡಿದರು, ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ರಾತ್ರಿ ಎರಡನೆಯ ಜಾವ, ಕೋಟೆಯ ಕಲ್ಲಿನ ಹಿಂದೆ ಸರಪಣಿ ಎಳೆದ ಸದ್ದು, ಪುಲ್ಲಿ ತಿರುಗಿ ಬಾಗಿಲು ಎದ್ದಿತು, ಒಳಗಿಂದ ಕ್ರೂರಸಿಂಹ ತಲೆ ಹೊರಗೆ ಹಾಕಿದ. ಟೀಚರು ಅತ್ತಿತ್ತ ನೋಡಿ, ಕನ್ನಡಕದ ಮೇಲಿಂದ ಎರಡೂ ಹುಬ್ಬು ಏರಿಸಿ, “ಯಕ್ಕೂ!” ಎಂದರು.

ಮಹಡಿಯ ಮೆಟ್ಟಿಲ ಮೇಲೆ ದಡಬಡ ಇಳಿದು ಬರುವ ಕಾಲುಗಳ ಸದ್ದಾಯಿತು.