ಹೆಸರಿಲ್ಲದ ವಿಮಾನಚಾಲಕರು

ದೈತ್ಯಮೃಗಗಳ ಚಲನಚಿತ್ರಗಳಲ್ಲಿ ಯುದ್ಧವಿಮಾನದ ಆಯುಷ್ಯ ಬಹಳ ಸ್ವಲ್ಪ. ನಾಲ್ಕಾರು ವಿಮಾನಗಳು ಸಾಲುಗಟ್ಟಿ ಬರುತ್ತವೆ, ಕ್ಷಿಪಣಿಗಳು ಹಾರುತ್ತವೆ, ಹೊಗೆ ಕವಿಯುತ್ತದೆ. ಹೊಗೆ ತಿಳಿಯಾದಾಗ ಮೃಗವು ನಿಂತಲ್ಲಿಯೇ ನಿಂತಿರುತ್ತದೆ. ಅದು ಒಮ್ಮೆ ಬಾಲ ಬೀಸಿದರೆ ಸಾಕು, ವಿಮಾನಗಳು ಹುಳುಗಳಂತೆ ಉದುರುತ್ತವೆ. ಕಥೆ ಮುಂದೆ ಸಾಗುತ್ತದೆ. ಚಿತ್ರಕಥೆಯ ಪುಸ್ತಕಗಳಲ್ಲಂತೂ ಇದಕ್ಕೆ ಒಂದೇ ಚೌಕ ಸಾಕು.

ಭೈರವಾನಿತಿಪ್ಪದ ಸೀಮೆಯ ಕನ್ನಡ ಶಾಲೆಯೊಂದರ ಏಳನೆಯ ತರಗತಿಯ ಹುಡುಗನೊಬ್ಬನಿಗೆ ಈ ಒಂದು ಚೌಕ ಸಾಲದಾಯಿತು. ದೂರದರ್ಶನದಲ್ಲಿ ಗಾಡ್ಜಿಲ್ಲಾ ಮತ್ತು ಕಾಂಗ್ ಕಾದಾಡುವುದನ್ನು ಅವನು ತೆಲುಗಿನಲ್ಲಿ ನೋಡಿದ್ದ. 2021ರ ಆ ಚಿತ್ರ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು; ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗಿಗೆ ಕರ್ನಾಟಕದಲ್ಲಿದ್ದ ಅಲಿಖಿತ ತಡೆಯನ್ನು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವೇ ತಪ್ಪೆಂದು ಹೇಳಿದ್ದರೂ ಹಳೆಯ ರೂಢಿ ಬೇಗ ಸಡಿಲವಾಗಲಿಲ್ಲ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಇದರಿಂದಾದ ನಷ್ಟವನ್ನು ಬೆಂಗಳೂರಿನಲ್ಲಿ ಕುಳಿತು ಅಳೆಯುವುದು ಕಷ್ಟ. ಅದಿರಲಿ. ಹುಡುಗ ತೆಲುಗಿನಲ್ಲಿ ನೋಡಿದ್ದನ್ನು ಕನ್ನಡದಲ್ಲಿ ಕೇಳಿದ.

“ಸಾರ್, ಆ ವಿಮಾನದಾಗಿದ್ದೋರು ಏನಾದ್ರು?”

“ಅದು ಸಿನಿಮಾ ಕಣೋ,” ಎಂದರು ಮೇಷ್ಟ್ರು.

“ಸಿನಿಮಾದಾಗಾದ್ರೂ ಒಳಗೆ ಮನ್ಶ ಇರ್ತಾನಲ್ಲ ಸಾರ್?”

ಮೇಷ್ಟ್ರು ಸಮಾಜ ವಿಜ್ಞಾನ ಹೇಳುವವರು. ಪ್ರಶ್ನೆ ತಮ್ಮ ವಿಷಯಕ್ಕೆ ಸೇರಿದ್ದೆಂದು ಅವರಿಗೆ ತೋರಿತು. ಉತ್ತರವನ್ನು ಹುಡುಕಿಕೊಂಡು ಅವರು ಮೊದಲು ಹೋದದ್ದು 1933ಕ್ಕೆ. ಆ ವರ್ಷ ಬಂದ ‘ಕಿಂಗ್ ಕಾಂಗ್’ ಚಿತ್ರದಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಗೇರಿದ ವಾನರವನ್ನು ಕೊಲ್ಲುವುದು ಎರಡು ಅಂತಸ್ತಿನ ರೆಕ್ಕೆಗಳ ಹಳೆಯ ವಿಮಾನಗಳು. ಅಲ್ಲಿ ವಿಮಾನವೇ ಗೆಲ್ಲುತ್ತದೆ. ಕಾಂಗನನ್ನು ಕೊಲ್ಲುವ ವಿಮಾನದಲ್ಲಿ ಚಾಲಕನಾಗಿಯೂ ಬಂದೂಕುಗಾರನಾಗಿಯೂ ಕುಳಿತವರು ಚಿತ್ರದ ನಿರ್ದೇಶಕರಾದ ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್. ತಾವು ಹುಟ್ಟಿಸಿದ ಮೃಗವನ್ನು ತಾವೇ ಕೊಂದರು! ಆ ಚಾಲಕರಿಗೂ ಕಥೆಯಲ್ಲಿ ಹೆಸರಿಲ್ಲ, ಆದರೆ ಗೆಲುವಾದರೂ ಇತ್ತು.

ಇಪ್ಪತ್ತೊಂದು ವರ್ಷಗಳ ಬಳಿಕ, 1954ರ ನವೆಂಬರಿನಲ್ಲಿ, ಜಪಾನಿನಲ್ಲಿ ‘ಗೊಜಿರಾ’ ತೆರೆಕಂಡಿತು. ಇಶಿರೊ ಹೋಂಡಾ ಅದರ ನಿರ್ದೇಶಕ, ಐಜಿ ತ್ಸುಬುರಾಯಾ ಅದರ ಚಮತ್ಕಾರ ದೃಶ್ಯಗಳ ಶಿಲ್ಪಿ. ಅದರಲ್ಲಿ ಜೆಟ್ ವಿಮಾನಗಳು ಬರುತ್ತವೆ, ಸುಡುತ್ತವೆ, ಆದರೆ ಮೃಗ ಸಾಯುವುದಿಲ್ಲ. ನಡುವೆ ಆದದ್ದೇನು? ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಇಸವಿಯನ್ನಷ್ಟೇ ಬರೆದರು: 1945. ಆ ಮಾರ್ಚಿನ ಒಂದು ರಾತ್ರಿ ಬಿ-29 ವಿಮಾನಗಳು ಟೋಕಿಯೋ ನಗರವನ್ನು ಸುಟ್ಟವು. ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿ. ಆ ಜನಕ್ಕೆ ಆಕಾಶದಿಂದ ಬಂದ ದೈತ್ಯ ವಿಮಾನವೇ ಆಗಿತ್ತು. 1954ರ ಮಾರ್ಚಿ 1ರಂದು ಬಿಕಿನಿ ದ್ವೀಪದ ಬಳಿ ನಡೆದ ಜಲಜನಕ ಬಾಂಬಿನ ಪರೀಕ್ಷೆಯ ಬೂದಿ ಜಪಾನಿನ ಮೀನುದೋಣಿಯೊಂದರ ಮೇಲೆ ಸುರಿದಿತ್ತು. ಬಾಂಬಿನಿಂದ ಎಚ್ಚತ್ತ ಮೃಗವನ್ನು ಬಾಂಬಿನಿಂದಲೇ ಕೊಲ್ಲಬಹುದೆಂದು ಹೇಳುವ ಧೈರ್ಯ ಆ ಚಿತ್ರಕ್ಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅದೇ ವರ್ಷದ ಜುಲೈಯಲ್ಲಷ್ಟೇ ಜಪಾನಿಗೆ ಹೊಸದಾಗಿ ಆತ್ಮರಕ್ಷಣಾ ಪಡೆಗಳು ಬಂದಿದ್ದವು. ಸ್ಥಾಪನೆಯಾಗಿ ನಾಲ್ಕು ತಿಂಗಳಾದ ಸೈನ್ಯವು ತೆರೆಯ ಮೇಲೆ ಸೋಲುವುದನ್ನು ಜನರು ದುಡ್ಡು ಕೊಟ್ಟು ನೋಡಿದರು.

ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಇದರ ಕೈಚಳಕ. ಗೊಜಿರಾನ ವೇಷದೊಳಗೆ ಇದ್ದವನು ಹರುವೊ ನಕಾಜಿಮಾ ಎಂಬ ನಟ. ಆ ವೇಷದ ಭಾರ ಸುಮಾರು 100 ಕಿಲೋ. ನಗರವನ್ನು ಇಪ್ಪತ್ತೈದರಲ್ಲೊಂದು ಪಾಲಿಗೆ ಕಿರಿದುಗೊಳಿಸಿ ಕಟ್ಟಲಾಗಿತ್ತು. ಚಿತ್ರವನ್ನು ವೇಗವಾಗಿ ಸೆರೆಹಿಡಿದು ನಿಧಾನವಾಗಿ ಓಡಿಸಿದಾಗ ಅವನ ಒಂದೊಂದು ಹೆಜ್ಜೆಗೂ ಬೆಟ್ಟದ ತೂಕ ಬಂತು. ವಿಮಾನಗಳು ತಂತಿಗೆ ಕಟ್ಟಿದ ಆಟಿಕೆಗಳು. ಮೃಗ ಮತ್ತು ವಿಮಾನ ಒಂದೇ ಚೌಕಟ್ಟಿನಲ್ಲಿ ಕಾಣಬೇಕಾದ್ದರಿಂದ ಚಾಲಕರೆಲ್ಲರೂ ಮೃಗದ ಕೈಗೆಟಕುವಷ್ಟು ಹತ್ತಿರವೇ ಹಾರಬೇಕು. ನಿಜವಾದ ಯುದ್ಧವಿಮಾನ ಹಾಗೆ ಮಾಡದು. ಎಷ್ಟೋ ಕಿಲೋಮೀಟರು ದೂರದಿಂದಲೇ ಕ್ಷಿಪಣಿ ಬಿಟ್ಟು ತಿರುಗಿಕೊಳ್ಳುತ್ತದೆ. ಪಾಪದ ಚಾಲಕರು ಸಾಯುತ್ತಿದ್ದುದು ಛಾಯಾಗ್ರಾಹಕನ ಅನುಕೂಲಕ್ಕಾಗಿ. ಅನಂತಪುರ ಜಿಲ್ಲೆಯವರಿಗೆ ಇಂಥ ಚಮತ್ಕಾರ ಹೊಸತಲ್ಲ. ನಿಮ್ಮಲಕುಂಟೆಯ ತೊಗಲುಗೊಂಬೆಯವರು ಪರದೆಗೆ ಒತ್ತಿ ಹಿಡಿದ ಗೊಂಬೆಯನ್ನು ದೀಪದ ಕಡೆಗೆ ಸರಿಸಿದರೆ ರಾವಣನ ನೆರಳು ಪರದೆಯನ್ನೇ ನುಂಗುವಷ್ಟು ಬೆಳೆಯುತ್ತದೆ.

ಗಣಿತದ ಮೇಷ್ಟ್ರೂ ಇದರಲ್ಲಿ ಸೇರಿಕೊಂಡರು. ಮೊದಲ ಗೊಜಿರಾನ ಎತ್ತರ 50 ಮೀಟರು, ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನದ ಉದ್ದ 13.2 ಮೀಟರು, ಮೂತಿಗೆ ಬಾಲ ಹಚ್ಚಿ ನಿಲ್ಲಿಸಿದರೆ ಎಷ್ಟು ವಿಮಾನಗಳು ಬೇಕು? ನಾಲ್ಕಕ್ಕೆ ಸ್ವಲ್ಪ ಕಡಿಮೆ. ಮೂತಿ, ಬಾಲ, ರೆಕ್ಕೆ, ಹೊಟ್ಟೆ: ಕನ್ನಡದಲ್ಲಿ ವಿಮಾನದ ಅಂಗಗಳನ್ನು ಹೇಳಹೊರಟರೆ ಅದೂ ಒಂದು ಮೃಗವೇ ಆಗಿಬಿಡುತ್ತದೆ ಎಂದು ಹುಡುಗಿಯೊಬ್ಬಳು ನಕ್ಕಳು. ಶಬ್ದಕ್ಕಿಂತ ವೇಗವಾದದ್ದಕ್ಕೆ ‘ಶಬ್ದಾತೀತ’ ಎಂಬ ಮಾತನ್ನು ಮಕ್ಕಳು ಅಂದೇ ಕಲಿತದ್ದು. 1956ರ ‘ರೋಡಾನ್’ ಚಿತ್ರದಲ್ಲಿ ಹಾಗೆ ಹಾರುವುದು ಮೃಗವೇ. ಅದರ ರೆಕ್ಕೆಯ ಗಾಳಿಗೆ ಊರು ಹಾರಿಹೋಗುತ್ತದೆ, ಬೆನ್ನಟ್ಟುವ ಸೇಬರ್ ಜೆಟ್ಟುಗಳು ಬಳಲುತ್ತವೆ. ಅದೇ ಸೇಬರ್ ವಿಮಾನಗಳನ್ನು 1965ರ ಯುದ್ಧದಲ್ಲಿ ಪಾಕಿಸ್ತಾನ ಹಾರಿಸಿತ್ತು. ಎದುರಿಗೆ ನಿಂತದ್ದು ನ್ಯಾಟ್ ಎಂಬ ಪುಟ್ಟ ವಿಮಾನ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಕಟ್ಟಿದ ಆ ವಿಮಾನಕ್ಕೆ ‘ಸೇಬರ್ ಹಂತಕ’ ಎಂಬ ಬಿರುದು ಬಂತು.

ಹುಡುಗನ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಅದಕ್ಕೆ ಹತ್ತಿರದ ಉತ್ತರ ಮಡಕಶಿರಾ ಕಡೆಯ ಮಕ್ಕಳೆಲ್ಲ ಒಮ್ಮೆಯಾದರೂ ಪ್ರವಾಸ ಹೋಗಿಬರುವ ಲೇಪಾಕ್ಷಿಯಲ್ಲಿದೆ. ಜಟಾಯು ಬಿದ್ದದ್ದು ಅಲ್ಲಿಯೇ ಎಂಬುದು ಜನರ ನಂಬಿಕೆ. ರಾಮಾಯಣದ ಆ ಕಾಳಗವನ್ನು ಈ ಚಿತ್ರಗಳ ಪಕ್ಕಕ್ಕಿಟ್ಟು ನೋಡಿದರೆ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ಆಕಾಶರಥದಲ್ಲಿ ಆಯುಧ ಹಿಡಿದು ಕುಳಿತವನು ಕಳ್ಳ. ದೊಡ್ಡ ಮೈಯ ಪಕ್ಷಿ ಕಾವಲುಗಾರ. ಮುದಿ ಹದ್ದು ರಥವನ್ನು ಮುರಿಯುತ್ತದೆ, ಬಿಲ್ಲನ್ನು ಮುರಿಯುತ್ತದೆ, ಕಡೆಗೆ ರೆಕ್ಕೆ ಕತ್ತರಿಸಿಕೊಂಡು ಬೀಳುತ್ತದೆ. ಸೋತ ಆ ಹಕ್ಕಿಗೆ ಹೆಸರಿದೆ, ಅಣ್ಣನಿದ್ದಾನೆ, ವಯಸ್ಸಿನ ಲೆಕ್ಕವಿದೆ. ರಾಮನು ಮಗನ ಸ್ಥಾನದಲ್ಲಿ ನಿಂತು ಅದರ ಸಂಸ್ಕಾರ ಮಾಡುತ್ತಾನೆ. ಕಥೆ ಅಲ್ಲಿ ನಿಂತು, ಅತ್ತು, ಮುಂದೆ ಹೋಗುತ್ತದೆ. ಹಾಲಿವುಡ್ಡಿನ ಯಾವ ಚಾಲಕನಿಗಾಗಿಯೂ ಚಿತ್ರ ಅಷ್ಟು ಹೊತ್ತು ನಿಂತ ನೆನಪಿಲ್ಲ.

ಮರುದಿನ ಮೇಷ್ಟ್ರು ಹಲಗೆಯ ಮೇಲೆ ಮೂರು ಹೆಸರುಗಳನ್ನು ಬರೆದರು. ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ, ಸಾಹಿಲ್ ಗಾಂಧಿ. ಮೊದಲ ಇಬ್ಬರು ಸ್ಕ್ವಾಡ್ರನ್ ಲೀಡರುಗಳು. 2019ರ ಫೆಬ್ರವರಿ 1ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್ 2000 ವಿಮಾನವನ್ನು ಪರೀಕ್ಷಿಸುವಾಗ ತೀರಿಕೊಂಡರು. ಮೂರನೆಯವರು ವಿಂಗ್ ಕಮಾಂಡರ್; ಅದೇ ತಿಂಗಳ 19ರಂದು ಯಲಹಂಕದ ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ತಾಗಿದಾಗ ಮಡಿದರು. ಯಾವ ಮೃಗವೂ ಎದುರಿಗಿರಲಿಲ್ಲ. ತರಗತಿ ಕೆಲಹೊತ್ತು ಸುಮ್ಮನಿತ್ತು. ಹುಡುಗ ಆ ಹೆಸರುಗಳನ್ನು ತನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಯಾರೂ ಬರೆದುಕೊಳ್ಳಲು ಹೇಳಿರಲಿಲ್ಲ. ತಾನು ದೊಡ್ಡವನಾದ ಮೇಲೆ ವಿಮಾನ ನಡೆಸುವೆನೆಂದು ಅವನು ಮನೆಯಲ್ಲಿ ಹೇಳುತ್ತಿದ್ದ ಮಾತನ್ನು ಅವನ ತಾಯಿ ಅಲ್ಲಿಯವರೆಗೆ ಆಟವೆಂದೇ ತಿಳಿದಿದ್ದಳು. ಆ ಹಾಳೆಯನ್ನು ನೋಡಿದ ಮೇಲೆ ಅವಳು ಹಾಗೆ ತಿಳಿಯಲಿಲ್ಲ.

ಅವನ ತಾತನದು ಬೇರೆಯೇ ದೂರು. ಭೈರವಾನಿತಿಪ್ಪದ ಜಲಾಶಯಕ್ಕೆ ವೇದಾವತಿ ಹರಿದುಬರುವ ದಿಕ್ಕಿನಲ್ಲಿಯೇ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದಿಂದ ಸೈನ್ಯದ ಭಾರ ಎಳೆಯುವ ಎತ್ತುಗಳು ಹುಟ್ಟಿ ಮೇಯುತ್ತಿದ್ದ ಹುಲ್ಲುಗಾವಲು ಅದು. ತೋಪಿನ ಗಾಡಿಗೆ ಹೂಡುತ್ತಿದ್ದ ಆ ತಳಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಅಲ್ಲಿ ಈಗ ನಾಲ್ಕು ಸಾವಿರ ಎಕರೆಗೂ ಮಿಕ್ಕ ನೆಲ ರಕ್ಷಣಾ ಸಂಶೋಧನಾ ಸಂಸ್ಥೆಯದು. 2017ರ ಮೇ ತಿಂಗಳಲ್ಲಿ ಅದರ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಬಾಲವೇ ಇಲ್ಲದ, ಮೈಯೆಲ್ಲ ರೆಕ್ಕೆಯಾದ, ಚಾಲಕನಿಲ್ಲದ ವಿಮಾನವೊಂದು ಅಲ್ಲಿಂದ ಹಾರಿತು. ಚಿತ್ರ ನೋಡಿದ ಹುಡುಗ ಅದನ್ನೇ ಮೃಗವೆಂದುಕೊಂಡ. ಕುರಿ ಕಾಯ್ದು ಬೆಳೆದ ತಾತನಿಗೆ ಗೋಡೆ ಎದ್ದದ್ದೇ ದೊಡ್ಡ ಮಾತು. ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೂ ಈ ವ್ಯಾಜ್ಯ ನಡೆದುದನ್ನು ಬಲ್ಲರು.

ದೇಶಕ್ಕೆ ವಿಮಾನ ಬೇಕು, ಕುರಿಗೆ ಹುಲ್ಲು ಬೇಕು. ಸಿನಿಮಾದಲ್ಲಿ ಮೃಗದ ಕಾಲಡಿಗೆ ಸಿಕ್ಕ ಮನೆಗಳನ್ನು ಯಾರೂ ಎಣಿಸುವುದಿಲ್ಲ. ಇಲ್ಲಿ ಮಾತ್ರ ಬೇಲಿಯ ಈಚೆ ನಿಂತವರು ಎಣಿಸುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ಚಾಲಕರಹಿತ ರುಸ್ತುಂ-2 ವಿಮಾನ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿಯ ಬಳಿ ಹೊಲಕ್ಕೆ ಬಿದ್ದಾಗ ಊರಿಗೂರೇ ನೋಡಲು ನೆರೆದಿತ್ತು. ಒಳಗೆ ಯಾರೂ ಇರಲಿಲ್ಲ ಎಂಬುದೊಂದು ಸಮಾಧಾನ.

ಶಾಲೆಯ ಗೋಡೆಪತ್ರಿಕೆಗೆ ಹುಡುಗ ಆರು ಚೌಕಗಳ ಚಿತ್ರಕಥೆ ಬರೆದ. ಜಲಾಶಯದ ಕೆಸರಿನಿಂದ ಏಳುವ ಮೃಗ, ಅದರ ಮುಂದೆ ಒಂದೇ ಒಂದು ತೇಜಸ್. ಚಾಲಕನಿಗೆ ಹೆಸರಿತ್ತು, ಊರಿತ್ತು, ಮನೆಯಲ್ಲಿ ಕಾಯುವ ಅಮ್ಮನಿದ್ದಳು. ವಿಮಾನ ಸೋತಿತು. ಐದನೆಯ ಚೌಕದಲ್ಲಿ ಆಸನ ಚಿಮ್ಮಿ, ಛತ್ರಿ ಬಿಚ್ಚಿಕೊಂಡು ಚಾಲಕ ಇಳಿಯುತ್ತಿದ್ದ. ತಾತನಿಗೆ ಓದಲು ಬಾರದು. ಮೊಮ್ಮಗ ಬೆರಳಿಟ್ಟು ಒಂದೊಂದೇ ಚೌಕ ಹೇಳಿದ. ತಾತ ಐದನೆಯದನ್ನು ಬಹಳ ಹೊತ್ತು ನೋಡಿದ.

“ಈತ ಇಳಿಯಾದು ಯಾರ ಹೊಲ್ದಾಗೆ?”

“ನಮ್ಮ ಶೇಂಗಾ ಹೊಲ್ದಾಗೆ, ತಾತ.”

“ಹಂಗಾದ್ರೆ ಶೇಂಗಾ ಕಿತ್ತ ಮ್ಯಾಲೆ ಇಳಿಸು.”