ತಲೆ ತಗ್ಗಿಸಿ ವಿಮಾನ ನೋಡುವ ಊರು

ವೇಲ್ಸ್‌ಗೆ ಬಂದವರು ಸಾಮಾನ್ಯವಾಗಿ ಕೋಟೆ ನೋಡುತ್ತಾರೆ, ಸಮುದ್ರ ನೋಡುತ್ತಾರೆ, ಮಳೆಯನ್ನು ಬೈಯುತ್ತಾರೆ. ನನ್ನನ್ನು ಕರೆದುಕೊಂಡು ಹೋದವನಿಗೆ ಇವು ಯಾವುವೂ ಬೇಕಿರಲಿಲ್ಲ. ಅಕ್ಕನ ಮಗ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಕ್ಕರೆ ಸಾಕು, ತೋಳುದ್ದದ ಲೆನ್ಸ್ ಹೊತ್ತು ವೇಲ್ಸಿನ ಗುಡ್ಡಗಳಿಗೆ ಓಡುತ್ತಾನೆ. "ಮಾವ, ಕೋಟೆ ಎಲ್ಲಾ ಕಡೆ ಇರ್ತವೆ. ಯುದ್ಧವಿಮಾನವನ್ನ ತಲೆ ತಗ್ಗಿಸಿ ನೋಡೋ ಜಾಗ ಎಲ್ಲಿದೆ ಹೇಳಿ?" ಎಂದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಹೊರಟೆ.

ಶ್ರೂಸ್‌ಬರಿ ದಾಟಿದ ಮೇಲೆ ರೈಲಿಗೆ ಅವಸರ ಇರುವುದಿಲ್ಲ. ಕುರಿ, ಬೇಲಿ, ಹೊಳೆ, ಮತ್ತೆ ಕುರಿ. ನ್ಯೂಟೌನ್ ಕಳೆದು ಕಾರ್ನೋ ಎಂಬ ಹಳ್ಳಿ ಬರುತ್ತದೆ. ಅಲ್ಲಿನ ನಿಲ್ದಾಣವನ್ನು 1965ರಲ್ಲೇ ಮುಚ್ಚಿದ್ದರಿಂದ ರೈಲು ನಿಲ್ಲದೆ ಹೋಗುತ್ತದೆ. ಹೂವಿನ ಚಿತ್ತಾರದ ಬಟ್ಟೆಗಳಿಗೆ ಹೆಸರಾದ ಲಾರಾ ಆಶ್ಲಿ ಮಣ್ಣಾಗಿರುವುದು ಈ ಹಳ್ಳಿಯ ಚರ್ಚಿನಂಗಳದಲ್ಲೇ. ಆದರೆ ನಾನು ಕಿಟಕಿಗೆ ಮುಖವಿಟ್ಟು ನೋಡಿದ್ದು ಊರನ್ನಲ್ಲ, ಊರಿನ ಮೇಲಿನ ಖಾಲಿ ಆಕಾಶವನ್ನು. 1991ರ ಆಗಸ್ಟ್ 29ರಂದು ಅಲ್ಲಿ ಬ್ರಿಟಿಷ್ ವಾಯುಪಡೆಯ ಜಾಗ್ವಾರ್ ಜೆಟ್ಟೊಂದು ಸೆಸ್ನಾ 152 ಎಂಬ ಪುಟ್ಟ ವಿಮಾನಕ್ಕೆ ಬಡಿಯಿತು. ಸೆಸ್ನಾದವನು ಮೇಲಿನಿಂದ ಫೋಟೊ ತೆಗೆಯುವ ಕೆಲಸದ ಮೇಲೆ ಬಂದಿದ್ದ. ಅವನೂ ಸತ್ತ, ಜಾಗ್ವಾರಿನ ಇಬ್ಬರಲ್ಲಿ ಒಬ್ಬನೂ ಸತ್ತ. ನಮ್ಮ ರೈಲಿನಲ್ಲಿ ಆಚೆ ಬದಿಯ ಸೀಟಿನಲ್ಲಿ ಕೂತಿದ್ದ ಹೆಂಗಸು ಹೆಣಿಗೆ ಹಾಕುತ್ತಿದ್ದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಕಾರ್ನೋ ಹಿಂದೆ ಬಿದ್ದಿತ್ತು.

ಮಖನ್‌ಲೆತ್ ಎಂಬ ಊರಿನಲ್ಲಿ ಇಳಿದೆವು. ದೊಡ್ಡ ಗಡಿಯಾರದ ಗೋಪುರ, ಬುಧವಾರದ ಸಂತೆ, ಒವೈನ್ ಗ್ಲಿಂಡೂರ್ ಎಂಬ ವೀರ 1404ರಲ್ಲಿ ಸಭೆ ಸೇರಿಸಿದ್ದ ನೆನಪು, ಊರು ಚೆನ್ನಾಗಿದೆ. ಕೋಣೆಯ ಬಾಡಿಗೆ ಮಾತ್ರ ಚೆನ್ನಾಗಿಲ್ಲ. ಬೆಳಗಿನ ತಿಂಡಿಗೆ ಮೊಟ್ಟೆ ಬೇಡ, ಮಾಂಸ ಬೇಡ ಎಂದವನಿಗೆ ಒಂದು ಚಮಚ ಬೇಯಿಸಿದ ಬೀನ್ಸು, ಅರ್ಧ ಟೊಮ್ಯಾಟೊ ಕೊಟ್ಟು ಪೂರ್ತಿ ದುಡ್ಡು ತೆಗೆದುಕೊಳ್ಳುವುದು ಯಾವ ನ್ಯಾಯವೋ ಗೊತ್ತಿಲ್ಲ.

ಡೊಲ್ಗೆತ್ಲಿ ಕಡೆಗೆ ಹೋಗುವ ಎ487 ರಸ್ತೆ ಕಾಡೇರ್ ಇದ್ರಿಸ್ ಬೆಟ್ಟದ ಮಗ್ಗುಲಲ್ಲಿ ಏರುತ್ತದೆ. ಈ ಕಣಿವೆಗಳ ಸುತ್ತಿಗೆ ವಿಮಾನದ ಹುಚ್ಚಿನವರು ಇಟ್ಟ ಹೆಸರು ಮ್ಯಾಕ್ ಲೂಪ್. ಬ್ರಿಟನ್ನಿನಲ್ಲಿ ಸೇನಾ ಜೆಟ್‌ಗಳು ನೆಲದಿಂದ 250 ಅಡಿ ಎತ್ತರದವರೆಗೂ ಇಳಿದು ಹಾರುವ ಅಭ್ಯಾಸ ಮಾಡುತ್ತವೆ. ಅದಕ್ಕಾಗಿ ದೇಶವನ್ನೇ ವಲಯಗಳಾಗಿ ಹಂಚಿಕೊಂಡಿದ್ದಾರೆ. ಇದು ಏಳನೆಯ ವಲಯ. ಜೆಟ್ ಕಣಿವೆಯೊಳಗೆ ನುಗ್ಗುತ್ತದೆ, ನೋಡುವವರು ಗುಡ್ಡದ ಮೇಲೆ ನಿಂತಿರುತ್ತಾರೆ. ಹಾಗಾಗಿ ಅದರ ಬೆನ್ನು ಕಾಣುತ್ತದೆ.

ರಸ್ತೆಬದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬಸ್ಸಿನಲ್ಲಿ ಬಂದ ನಾವು ಜಾಣರು. ಒದ್ದೆ ಹುಲ್ಲಿನ ಕಡಿದಾದ ದಾರಿ ಹತ್ತಿ ಮೇಲೆ ಬಂದರೆ ಅಲ್ಲೊಂದು ಜಾತ್ರೆಯೇ ನೆರೆದಿತ್ತು. ಮಡಚುವ ಕುರ್ಚಿ, ಫ್ಲಾಸ್ಕು, ರೇಡಿಯೊ ಸ್ಕ್ಯಾನರು, ನಮ್ಮೂರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬಹುದಾದಷ್ಟು ಬೆಲೆಯ ಲೆನ್ಸುಗಳು. ಒಬ್ಬ ಮಹಾನುಭಾವ ಮೂರು ಟ್ರೈಪಾಡ್ ಹರಡಿ ಒಳ್ಳೆಯ ಬಂಡೆಯೊಂದನ್ನು ಪೂರ್ತಿ ಆಕ್ರಮಿಸಿದ್ದ. ಆದರೆ ಒಂದು ಮಾತು ಹೇಳಲೇಬೇಕು: ಗುಡ್ಡದ ಮೇಲೆ ಒಂದು ಚೂರು ಪ್ಲಾಸ್ಟಿಕ್ ಇರಲಿಲ್ಲ, ಯಾರ ಫೋನೂ ಹಾಡುತ್ತಿರಲಿಲ್ಲ.

ಗಂಟೆಗಟ್ಟಲೆ ಏನೂ ಬರಲಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತ ಕೂತಿದ್ದರು. ಆಮೇಲೆ ಯಾರೋ ಕೂಗಿದರು. ನಾನು ತಿರುಗುವುದರೊಳಗೆ ಬೂದು ಬಣ್ಣದ ಜೆಟ್ಟೊಂದು ಕಣಿವೆಯಲ್ಲಿ ಒಂದು ಪಕ್ಕಕ್ಕೆ ಪೂರ್ತಿ ವಾಲಿಕೊಂಡು ದಾಟಿಹೋಯಿತು. ಶಬ್ದ ಬಂದದ್ದು ಅದು ಹೋದ ಮೇಲೆ, ಎದೆಗೂಡಿನೊಳಗೇ ಕೇಳಿಸಿತು. ಎಲ್ಲ ಲೆನ್ಸುಗಳೂ ಅದರ ಹಿಂದೆಯೇ ತಿರುಗಿದವು. ಆಗ ನಮ್ಮ ಬೆನ್ನ ಹಿಂದಿನಿಂದ ಎರಡನೆಯದು ಬಂತು. ಒಬ್ಬರೂ ನೋಡಿರಲಿಲ್ಲ. ಇಷ್ಟು ಜನ, ಬೇರೇನೂ ಕೆಲಸವಿಲ್ಲದವರು, ವಿಮಾನ ಬಂದೇ ಬರುತ್ತದೆಂದು ಗೊತ್ತಿದ್ದವರು, ರೇಡಿಯೊ ಕಿವಿಗೆ ಹಚ್ಚಿ ಕೂತವರು; ಯಾರ ಕಣ್ಣಿಗೂ ಬೀಳದೆ ಅದು ಬಂದು ಹೋಯಿತು. ಜನ ನಕ್ಕರು, ತಮ್ಮ ತಮ್ಮ ಕ್ಯಾಮೆರಾಗಳನ್ನು ಬೈದುಕೊಂಡರು.

ನನ್ನ ಪಕ್ಕದಲ್ಲಿದ್ದ ಹಿರಿಯರು ಮಾತ್ರ ನಗಲಿಲ್ಲ. ಅವರ ಬಳಿ ಕ್ಯಾಮೆರಾವೂ ಇರಲಿಲ್ಲ. ಒಂದು ಡಬ್ಬಿ ತೆರೆದು ವೆಲ್ಷ್ ಕೇಕು ಕೊಟ್ಟರು. ಕಾವಲಿಯ ಮೇಲೆ ಬೇಯಿಸಿದ, ಒಣದ್ರಾಕ್ಷಿ ಹಾಕಿದ, ಬಿಲ್ಲೆಯಾಕಾರದ ತಿಂಡಿ. ಬೆಳಗಿನ ಬೀನ್ಸಿನ ಸಿಟ್ಟು ಅರ್ಧ ಇಳಿಯಿತು. ಕೆಲಸದಿಂದ ನಿವೃತ್ತರಾದವರು, ನಾಲ್ವರು ಗೆಳೆಯರು ಸೇರಿ ಹಳೆಯ ಸೆಸ್ನಾ ಒಂದನ್ನು ಇಟ್ಟುಕೊಂಡಿದ್ದಾರೆ. ಖರ್ಚು ಹಂಚಿಕೊಂಡು, ಸರದಿಯ ಮೇಲೆ ಹಾರುತ್ತಾರೆ. ಆ ದೇಶದಲ್ಲಿ ಸಣ್ಣ ವಿಮಾನ ಹಾರಿಸುವವರೆಲ್ಲ ಕೋಟ್ಯಧೀಶರಲ್ಲ ಎಂದು ನನಗೆ ತಿಳಿದದ್ದು ಅವರಿಂದ.

"ನಾನು ಇಲ್ಲಿಗೆ ಬರುವುದು ಎರಡನೆಯದನ್ನು ನೋಡಲಿಕ್ಕೆ" ಎಂದರು. ಜೆಟ್‌ಗಳು ಹೆಚ್ಚಾಗಿ ಜೋಡಿಯಲ್ಲಿ ಬರುತ್ತವಂತೆ, ಒಂದಕ್ಕೊಂದು ಸಾಕಷ್ಟು ಅಂತರದಲ್ಲಿ. ಕೆಲವು ವರ್ಷಗಳ ಹಿಂದೆ, ಶುಭ್ರವಾದ ಒಂದು ಬೆಳಿಗ್ಗೆ, ಅವರು ಸಾವಿರ ಅಡಿಗೂ ಕಡಿಮೆ ಎತ್ತರದಲ್ಲಿ ಒಬ್ಬರೇ ಹೋಗುತ್ತಿದ್ದರು. ಎಡಗಡೆ ದೂರದಲ್ಲಿ ತರಬೇತಿ ಜೆಟ್ಟೊಂದು ಕಂಡಿತು. ಕಂಡಿತಲ್ಲ ಎಂದು ಸಮಾಧಾನವಾಯಿತು. ಅದು ದಾಟುವವರೆಗೂ ಅದನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬಲಗಡೆಯಿಂದ ಇನ್ನೊಂದು ಅವರ ವಿಮಾನದ ಅಡಿಯಲ್ಲೇ ಹಾದುಹೋಯಿತು. "ಹೆಲ್ಮೆಟ್ಟಿನ ಬಣ್ಣ ಕಂಡಿತು" ಎಂದರು. ವಿಮಾನ ಅದುರಿತು. ಕೈ ನಡುಗತೊಡಗಿದ್ದು ಇಳಿದ ಮೇಲೆ, ಕಾರಿನ ಬಾಗಿಲಿಗೆ ಕೀಲಿ ಹಾಕುವಾಗ.

ಅವರು ದೂರು ಕೊಡಲಿಲ್ಲ, ವರದಿ ಕೊಟ್ಟರು. ಬ್ರಿಟನ್ನಿನಲ್ಲಿ ಹೀಗೆ ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಡಿಕ್ಕಿಯನ್ನೂ ಪರಿಶೀಲಿಸಲು ಏರ್‌ಪ್ರಾಕ್ಸ್ ಬೋರ್ಡ್ ಎಂಬ ಮಂಡಳಿ ಇದೆ. ನಾಗರಿಕ ಪೈಲಟ್‌ಗಳು, ಸೇನೆಯವರು ಒಂದೇ ಮೇಜಿಗೆ ಕೂತು ಎರಡೂ ಕಡೆಯ ಹೇಳಿಕೆ ಓದುತ್ತಾರೆ, ಅಪಾಯ ಎಷ್ಟಿತ್ತೆಂದು ದರ್ಜೆ ಹಾಕುತ್ತಾರೆ, ಯಾರ ಹೆಸರೂ ಹಾಕದೆ ಪ್ರಕಟಿಸುತ್ತಾರೆ. ತಪ್ಪು ಹೊರಿಸುವುದು ಅವರ ಕೆಲಸವಲ್ಲ. ಆ ಕಡೆಯ ಹೇಳಿಕೆ ಏನಿತ್ತು ಎಂದು ಕೇಳಿದೆ. "ನಾನು ಅವನಿಗೆ ಕಂಡೇ ಇರಲಿಲ್ಲ" ಎಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಕೇಕು ತಿಂದೆವು.

ಅಲ್ಲಿನ ಕೆಳ ಆಕಾಶದ ಬಹುಭಾಗದಲ್ಲಿ ಇಂಥ ಸಣ್ಣ ವಿಮಾನದವರನ್ನು ಕಾಯುವ ನಿಯಮ ಒಂದೇ: ನೋಡು, ತಪ್ಪಿಸಿಕೋ. ಯಾರ ಅಪ್ಪಣೆಯೂ ಬೇಡ, ರೇಡಿಯೊದಲ್ಲಿ ಯಾರೊಂದಿಗೂ ಮಾತಾಡಬೇಕಾಗಿಲ್ಲ. ಕಣ್ಣು ತೆರೆದಿಟ್ಟರೆ ಸಾಕು. ಕೇಳಲು ಎಷ್ಟು ಸರಳ! ಆದರೆ ಡಿಕ್ಕಿಯ ದಾರಿಯಲ್ಲೇ ಬರುತ್ತಿರುವ ವಿಮಾನ ಗಾಜಿನ ಮೇಲೆ ಆಚೀಚೆ ಸರಿಯುವುದೇ ಇಲ್ಲ. ಕನ್ನಡಕಕ್ಕೆ ಅಂಟಿದ ಧೂಳಿನ ಕಣದ ಹಾಗೆ ಇದ್ದಲ್ಲೇ ಇರುತ್ತದೆ, ಕೊನೆಯ ಕ್ಷಣಗಳಲ್ಲಿ ಒಮ್ಮೆಲೇ ಹಿಗ್ಗುತ್ತದೆ. ನಮ್ಮ ಕಣ್ಣಿಗೋ ಚಲಿಸುವುದು ಮಾತ್ರ ಬೇಗ ಕಾಣುತ್ತದೆ. ಅಂದರೆ ಅಪಾಯವಿಲ್ಲದ ವಿಮಾನ ಸುಲಭವಾಗಿ ಕಾಣುತ್ತದೆ, ಅಪಾಯದ್ದು ಕಾಣುವುದಿಲ್ಲ.

ಲೆಕ್ಕವನ್ನೂ ಹಾಕಿ ನೋಡಿದೆ. ಬೇರೆ ವಿಮಾನವನ್ನು ಕಂಡು, ಅದು ಡಿಕ್ಕಿಗೇ ಬರುತ್ತಿದೆ ಎಂದು ಅರಿತು, ನಿರ್ಧರಿಸಿ, ಕೈಯಾಡಿಸಿ, ವಿಮಾನ ನಿಜಕ್ಕೂ ತಿರುಗುವುದಕ್ಕೆ 12.5 ಸೆಕೆಂಡ್ ಬೇಕೆನ್ನುತ್ತದೆ ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗದರ್ಶಿ. ಜೆಟ್ಟಿನ ವೇಗ ಗಂಟೆಗೆ 780 ಕಿಲೋಮೀಟರ್, ಸೆಸ್ನಾದ್ದು 165 ಎಂದಿಟ್ಟುಕೊಳ್ಳಿ. ಎದುರುಬದುರಾಗಿ ಬಂದರೆ ಆ ಹನ್ನೆರಡೂವರೆ ಸೆಕೆಂಡಿನಲ್ಲಿ ಸವೆಯುವ ದೂರ ಮೂರೂಕಾಲು ಕಿಲೋಮೀಟರು. ಹತ್ತು ಮೀಟರ್ ರೆಕ್ಕೆಯ ಸೆಸ್ನಾ ಆ ದೂರದಿಂದ, ಚಾಚಿದ ಕೈಯಳತೆಯಲ್ಲಿ, ಎರಡು ಮಿಲಿಮೀಟರೂ ಇಲ್ಲ. ಬಂಡೆ ಆಕ್ರಮಿಸಿದ್ದ ಮಹಾನುಭಾವನ ಲೆನ್ಸಿಗೂ ಅದು ಸಿಗುವುದು ಅನುಮಾನ.

ರೇಡಾರಿನ ಮುಂದೆ ಒಬ್ಬ ಮನುಷ್ಯ ಕೂತು ಕಾಯುತ್ತಿದ್ದರೆ? ಅದೂ ಸಾಲದೆಂದು ತೋರಿಸಿದ್ದು 2015ರ ಜುಲೈ 7ರ ದಿನ. ಅಮೆರಿಕದ ಸೌತ್ ಕ್ಯಾರೊಲೈನಾದ ಮಾಂಕ್ಸ್ ಕಾರ್ನರ್ ಹತ್ತಿರ ಸೆಸ್ನಾ 150 ಸಣ್ಣ ನಿಲ್ದಾಣವೊಂದರಿಂದ ಆಗಷ್ಟೇ ಏರಿತ್ತು. ಎಫ್-16 ಯುದ್ಧವಿಮಾನವೊಂದು ಇಳಿಯುವ ಅಭ್ಯಾಸಕ್ಕೆ ಚಾರ್ಲ್ಸ್‌ಟನ್ ಕಡೆ ಹೊರಟಿತ್ತು. ನಿಯಂತ್ರಕರ ಪರದೆಯ ಮೇಲೆ ಎರಡೂ ಇದ್ದವು. ಎದುರಿನ ವಿಮಾನ ಕಾಣದಿದ್ದರೆ ಎಡಕ್ಕೆ ತಿರುಗು ಎಂದು ಅವರು ಎಫ್-16ಕ್ಕೆ ಹೇಳಿದರು. ಪೈಲಟ್ ದೂರವನ್ನು ಖಚಿತಪಡಿಸಿಕೊಳ್ಳಲು ಮರುಪ್ರಶ್ನೆ ಕೇಳಿದ. ಕಂಡರೆ ಬೇಡ, ಕಾಣದಿದ್ದರೆ ತಿರುಗು ಎಂಬ ಆ 'ಅರೆ' ಆದೇಶದಲ್ಲಿ ಸಮಯ ಸೋರಿತು. ಎಫ್-16ರ ಪೈಲಟ್ ಹೊರಗೆ ಚಿಮ್ಮಿ ಬದುಕಿದ, ಸೆಸ್ನಾದ ಇಬ್ಬರೂ ಸತ್ತರು. ತನಿಖಾ ಮಂಡಳಿ ನಿಯಂತ್ರಣದ ಲೋಪವನ್ನು ಮೊದಲು ಹೇಳಿತು. ಜೊತೆಗೇ 'ನೋಡಿ ತಪ್ಪಿಸಿಕೊಳ್ಳುವ' ಪದ್ಧತಿಯ ಮಿತಿಯನ್ನೂ ಕಾರಣವಾಗಿ ಬರೆಯಿತು.

ಇದೆಲ್ಲ ದೂರದ ಮಾತೆಂದು ನನಗೆ ಅನಿಸಲಿಲ್ಲ. ಕಾರ್ನೋದ ಮೇಲೆ ಬಿದ್ದ ಜಾಗ್ವಾರ್ ಜಾತಿಯ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಿಸಿದ್ದಾರೆ. ವೇಲ್ಸಿನ ಈ ಗುಡ್ಡಗಳಲ್ಲಿ ಹಾರುವ ತರಬೇತಿ ಜೆಟ್ ಹಾಕ್. ನಮ್ಮ ಬೀದರಿನ ಆಕಾಶದಲ್ಲಿ ಗುಡುಗುವುದೂ ಹಾಕ್. ನಮಗೆ ಸ್ವಂತ ಹಾಕ್ ಬರುವ ಮುಂಚೆ ಭಾರತದ ಪೈಲಟ್‌ಗಳು ಆಂಗ್ಲಸಿ ದ್ವೀಪದ ವ್ಯಾಲಿ ನೆಲೆಗೆ ಹೋಗಿ ಕಲಿತು ಬಂದಿದ್ದಾರೆ. ಇನ್ನು ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ಜಕ್ಕೂರು, ವಾಯುಪಡೆಯ ಯಲಹಂಕ, ಎರಡೂ ನೆರೆಹೊರೆ. ನಮ್ಮಲ್ಲಿ ಖಾಸಗಿ ವಿಮಾನ ಒಂದೂರಿಂದ ಇನ್ನೊಂದೂರಿಗೆ ಹೋಗಬೇಕಾದರೆ ವಾಯುರಕ್ಷಣೆಯವರ ಅನುಮತಿ ಸಂಖ್ಯೆ ಬೇಕು. ಈ ವಿಷಯ ಹೇಳಿದಾಗ ಹಿರಿಯರು ಹೌಹಾರಿದರು. "ಬೆಳಿಗ್ಗೆ ಎದ್ದು ಆಕಾಶ ನೋಡಿ ಹೊರಡುವುದಕ್ಕಾಗುವುದಿಲ್ಲವೇ?" ಎಂದು ಕೇಳಿದರು. ಆಗುವುದಿಲ್ಲ ಎಂದೆ. ಅವರ ಸ್ವಾತಂತ್ರ್ಯದ ಮೇಲೆ ನನಗೆ ಹೊಟ್ಟೆಕಿಚ್ಚು, ನಮ್ಮ ಕಟ್ಟುಪಾಡಿನ ಮೇಲೆ ಅವರಿಗೆ ಮರುಕ.

ಆದರೂ ಅವರು ಬದಲಾಗಿದ್ದಾರೆ. ತಾನು ಎಲ್ಲಿದ್ದೇನೆಂದು ಸದಾ ಸಾರುವ, ಸಮೀಪದವರನ್ನು ತೋರಿಸುವ ಅಂಗೈಯಗಲದ ಸಾಧನವೊಂದನ್ನು ಈಗ ಗಾಜಿಗೆ ಅಂಟಿಸಿಕೊಂಡು ಹಾರುತ್ತಾರೆ. ಇಂಥವನ್ನು ಕೊಳ್ಳುವವರಿಗೆ ಅಲ್ಲಿನ ವಿಮಾನಯಾನ ಪ್ರಾಧಿಕಾರ 2020ರಿಂದ ಅರ್ಧ ಬೆಲೆ, ಗರಿಷ್ಠ 250 ಪೌಂಡ್, ಮರಳಿ ಕೊಡುವ ಯೋಜನೆ ನಡೆಸಿತು. ತೊಂದರೆಯೆಂದರೆ ಗ್ಲೈಡರಿನವರದು ಒಂದು ಭಾಷೆಯ ಸಾಧನ, ಇವರದು ಇನ್ನೊಂದು, ಜೆಟ್ಟಿನವರದು ಮತ್ತೊಂದು. ಎಲ್ಲವೂ ಎಲ್ಲವನ್ನೂ ಕೇಳಿಸಿಕೊಳ್ಳುವುದಿಲ್ಲ. ಕೋಟಿಗಟ್ಟಲೆ ಸುರಿದು ಕಟ್ಟಿದ ಜೆಟ್ಟಿಗೂ, ನಾಲ್ವರು ಪಿಂಚಣಿದಾರರ ಸೆಸ್ನಾಕ್ಕೂ ಒಂದೇ ಭಾಷೆ ಕಲಿಸುವುದು ಸರ್ಕಾರದ ಕೆಲಸ. ಅದನ್ನು ಪಿಂಚಣಿದಾರನ ಕಣ್ಣಿಗೆ, ಜೇಬಿಗೆ ಬಿಟ್ಟು ಕೂರುವುದು ಹೊಣೆಗೇಡಿತನ ಎಂದೇ ನನ್ನ ಅಭಿಪ್ರಾಯ. ಆಕಾಶದ ಸ್ವಾತಂತ್ರ್ಯ ಉಳಿಯಲಿ. ಅದನ್ನು ಕಾಯುವ ಕೆಲಸವನ್ನು ಕಣ್ಣೊಂದಕ್ಕೇ ವಹಿಸುವುದು ನಿಲ್ಲಲಿ.

ಓದುಗರಲ್ಲಿ ಒಂದು ಕೋರಿಕೆ. ಪ್ರವಾಸ ಹೋದಾಗ, ಇಲ್ಲಾಗಲಿ ಹೊರದೇಶದಲ್ಲಾಗಲಿ, ಸಣ್ಣ ವಿಮಾನದಲ್ಲಿ ಒಂದು ಸುತ್ತು ಹಾಕಿಸುವವರು ಸಿಗುತ್ತಾರೆ. ಖಂಡಿತ ಹತ್ತಿ, ಅಂಥ ನೋಟ ಬೇರೆಲ್ಲೂ ಸಿಗದು. ಆದರೆ ಬೆಲ್ಟ್ ಬಿಗಿಯುವ ಮುನ್ನ ಪೈಲಟ್‌ನನ್ನು ಎರಡು ಮಾತು ಕೇಳಿ: ವಿಮಾನದ ಇರವನ್ನು ರೇಡಾರಿಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಚಾಲೂ ಇದೆಯೇ, ಹೋಗುವ ದಾರಿಯಲ್ಲಿ ಸೇನೆಯವರ ಹಾರಾಟ ಇದೆಯೇ. ಮೇಲೇರಿದ ಮೇಲೆ ಫೋನಿನ ಕ್ಯಾಮೆರಾ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ನೀವೂ ಹೊರಗೆ ನೋಡಿ. ಒಂದು ಜೆಟ್ ಕಂಡರೆ ಪೈಲಟ್‌ಗೆ ಹೇಳಿ, ತಕ್ಷಣ ಇನ್ನೊಂದನ್ನು ಹುಡುಕಿ.