ಬಾಣಂತಿಯ ನಾಲ್ಕು ಹೆಜ್ಜೆ

ಹುಬ್ಬಳ್ಳಿ-ಧಾರವಾಡಗಳ ಕಡೆ ಮಗಳ ಚೊಚ್ಚಲ ಹೆರಿಗೆಯೆಂದರೆ ತವರುಮನೆಗೆ ಅದೊಂದು ವ್ರತವೇ ಸರಿ. ಕುಬಸ ಮುಗಿಯುತ್ತಲೇ ಒಣಕೊಬ್ಬರಿ, ಉತ್ತತ್ತಿ, ಅಂಟು, ಅಳವಿಗಳು ಡಬ್ಬಿ ಸೇರುತ್ತವೆ. ಮೂಲೆಯ ಕೋಣೆಯ ಕಿಟಕಿಗೆ ಪರದೆ ಬೀಳುತ್ತದೆ. ಹೊರಸಿನ ಕೆಳಗಿಡುವ ಶೇಗಡಿ ಅಟ್ಟದಿಂದ ಇಳಿಯುತ್ತದೆ. ಹೆತ್ತ ಮಗಳು ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಅರಳೆಯಿಟ್ಟು, ಬೆಚ್ಚಗೆ ಮಲಗಿರಬೇಕು. ಗಂಡನ ಮನೆಯಲ್ಲಿ ಮುಂದೆ ದೊರೆಯಲಾರದ ವಿಶ್ರಾಂತಿ ಇಲ್ಲಿಯಾದರೂ ದೊರೆಯಲಿ ಎಂಬ ತಾಯಿಯ ಲೆಕ್ಕವೂ ಇದರಲ್ಲಿ ಅಡಗಿದೆ. ಇದನ್ನೆಲ್ಲ ಅಜ್ಞಾನವೆಂದು ನಗುವವರಿಗೆ ಬಾಣಂತನದ ಬೆಲೆ ತಿಳಿಯದು.

ಆದರೂ ಈ ಅಕ್ಕರೆಯಲ್ಲಿ ಎರಡು ಅಪಾಯಗಳು ಸದ್ದಿಲ್ಲದೆ ಕುಳಿತಿವೆ: ಅಲುಗಾಡದೆ ಮಲಗಿಸುವುದು ಒಂದು, ನೀರು ಕೊಡದಿರುವುದು ಇನ್ನೊಂದು.

ಮಾಳಮಡ್ಡಿಯ ಮನೆಯೊಂದರ ಮಗಳಿಗೆ ಶಸ್ತ್ರಕ್ರಿಯೆಯಿಂದ ಹೆರಿಗೆಯಾಯಿತು. ಮರುದಿನವೇ ಆಕೆಯನ್ನು ಎಬ್ಬಿಸಿ ನಡೆಸಬೇಕೆಂದು ವೈದ್ಯೆ ಹೇಳಿದಾಗ ತಾಯಿ ಬಾಗಿಲಿಗೆ ಅಡ್ಡ ನಿಂತಂತೆ ನಿಂತುಬಿಟ್ಟಳು. “ಹಸೀ ಮೈ ಅದ ಡಾಕ್ಟರ, ನಡಸೋದು ಹೆಂಗ? ನೀರೂ ಭಾಳ ಕೊಟ್ರ ಹೊಟ್ಟಿ ದೊಡ್ಡದಾಗ್ತದ.” ಆಕೆಯ ಹಟಕ್ಕೆ ಕಾರಣವಿತ್ತು. ಆಕೆಯ ಸ್ವಂತ ಅಕ್ಕ ಹೆತ್ತ ಹನ್ನೆರಡನೆಯ ದಿನ ತಲೆನೋವೆಂದು ಒರಗಿದವಳು, ಸೆಳೆತ ಬಂದು, ಎರಡು ದಿನದಲ್ಲಿ ತೀರಿಕೊಂಡಿದ್ದಳು. ಮನೆಯವರು ಅದನ್ನು ಬಾಣಂತಿ ಸನ್ನಿಯೆಂದರು, ತಂಪು ಹತ್ತಿತೆಂದರು. ಅಂದಿನಿಂದ ಆ ಮನೆಯಲ್ಲಿ ಬಾಣಂತಿಯರಿಗೆ ನೀರು ಇನ್ನಷ್ಟು ಕಡಿಮೆಯಾಯಿತು.

ಸನ್ನಿಯೆಂಬ ಆ ಒಂದು ಹೆಸರಿನೊಳಗೆ ಹಲವು ರೋಗಗಳಿದ್ದವು. ನಂಜಿನ ಜ್ವರವೂ ಇತ್ತು, ರಕ್ತದೊತ್ತಡದ ಸೆಳೆತವೂ ಇತ್ತು. ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗವೂ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂಥ ಬಾಣಂತಿಯರನ್ನು ಬಹಳ ಮಂದಿ ಕಂಡವರು; ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ಪ್ರಯೋಜನ ಕಂಡುದನ್ನು 1999ರಲ್ಲಿ ಪ್ರಕಟಿಸಿದರು. ಮೈಯಲ್ಲಿ ನೀರು ಬತ್ತುವುದೂ ರಕ್ತಹೀನತೆಯೂ ಈ ರೋಗಕ್ಕೆ ಸಹಾಯಕವೆಂದು ವೈದ್ಯರ ಅಭಿಪ್ರಾಯ. ಅಕ್ಕನಿಗೆ ಏನಾಗಿತ್ತೆಂದು ಈಗ ಯಾರು ಹೇಳಬಲ್ಲರು? ಆದರೆ ನೀರು ಕಡಿಮೆ ಮಾಡಿ ತಂಗಿಯ ಮಗಳನ್ನು ಕಾಪಾಡಲಾಗದು ಎಂಬುದಂತೂ ಖಚಿತ.

ಗರ್ಭಿಣಿಯ ರಕ್ತ ಬೇಗನೆ ಹೆಪ್ಪುಗಟ್ಟುವುದು ಪ್ರಕೃತಿಯದೇ ಏರ್ಪಾಡು. ಹೆರಿಗೆಯಲ್ಲಿ ರಕ್ತ ಹರಿದು ತಾಯಿ ಸಾಯದಿರಲೆಂದು ಆ ಗುಣ ತಿಂಗಳಿಂದ ತಿಂಗಳಿಗೆ ಏರುತ್ತದೆ. ಇತ್ತ ಬೆಳೆಯುವ ಗರ್ಭ ಕಿಬ್ಬೊಟ್ಟೆಯ ಅಭಿಧಮನಿಗಳನ್ನು ಒತ್ತುವುದರಿಂದ ಕಾಲಿನ ರಕ್ತ ಮಂದವಾಗಿ ಮೇಲೇರುತ್ತದೆ. ಎಡಗಾಲಿನ ಅಭಿಧಮನಿಯ ಮೇಲೆ ಅಪಧಮನಿಯೊಂದು ಹಾಯ್ದು ಹೋಗಿರುವುದರಿಂದ ಕೇಡು ಹೆಚ್ಚಾಗಿ ಎಡಗಾಲಿಗೇ. ಅಲ್ಲಿ ಕಟ್ಟಿದ ಗಂಟು ಕಳಚಿ ಪುಪ್ಪುಸಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಯುರೋಪಿನಲ್ಲಿಯೂ ಹಿಂದೆ ಬಾಣಂತಿಯ ಕಾಲು ಬೆಳ್ಳಗೆ ಊದಿದರೆ ಮೊಲೆಹಾಲು ಕಾಲಿಗಿಳಿಯಿತೆಂದು ನಂಬುತ್ತಿದ್ದರು. ಅಜ್ಞಾನವೇನೂ ನಮ್ಮೊಬ್ಬರ ಆಸ್ತಿಯಲ್ಲ! ಹೆಪಾರಿನ್ ಕೂಡ 1916ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯ ಕೈಗೆ ಬೇರೇನನ್ನೋ ಹುಡುಕುವಾಗ ಸಿಕ್ಕ ವಸ್ತು.

ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಈ ಭಯ ಎಲ್ಲಕ್ಕಿಂತ ಹೆಚ್ಚು. ಬಾಣಂತಿ ಮಲಗಿರುವ ಕಾಲವೂ ಅದೇ! ಎಲ್ಲರಿಗೂ ಔಷಧ ಬೇಕಿಲ್ಲ. ಹಿಂದೊಮ್ಮೆ ಹೆಪ್ಪುಗಟ್ಟಿದವರು, ಒಡಹುಟ್ಟಿದವರಲ್ಲಿ ಆ ರೋಗವಿರುವವರು, ಸ್ಥೂಲಕಾಯರು, ಶಸ್ತ್ರಕ್ರಿಯೆಯಿಂದ ಹೆತ್ತವರು, ಹೆಚ್ಚು ರಕ್ತ ಕಳೆದುಕೊಂಡವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಅವಶ್ಯವೆನಿಸಿದವರಿಗೆ ಚರ್ಮದಡಿ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. ಕೆಲವರಿಗೆ ಹತ್ತು ದಿನ, ಕೆಲವರಿಗೆ ಆರು ವಾರ. ಅದು ಗರ್ಭದ ಕೂಸನ್ನು ಮುಟ್ಟುವುದಿಲ್ಲ, ಮೊಲೆಯೂಡಲೂ ಅಡ್ಡಿಯಿಲ್ಲ. ಬೆಂಗಳೂರು, ಪುಣೆಗಳಿಂದ ತವರಿಗೆ ಬರುವ ಗರ್ಭಿಣಿ ರೈಲಿನಲ್ಲಿ ಆಗಾಗ ಎದ್ದು ಓಡಾಡುವುದೂ ಒಳ್ಳೆಯದೇ.

ಮಾಳಮಡ್ಡಿಯ ತಾಯಿಗೆ ವೈದ್ಯೆ ಹೇಳಿದ್ದು ಇಷ್ಟೇ: “ವಿಶ್ರಾಂತಿ ಬ್ಯಾಡಂತಲ್ರೀ ಅವ್ವಾರ, ಮಲಗೇ ಇರೋದು ಬ್ಯಾಡ.” ಕಡೆಗೊಂದು ಒಪ್ಪಂದವಾಯಿತು. ಅಂಟಿನುಂಡಿ ಉಳಿಯಿತು, ತಲೆಯ ಬಟ್ಟೆ ಉಳಿಯಿತು. ಶೇಗಡಿ ಅಟ್ಟಕ್ಕೆ ಮರಳಿತು. ಕಾಯಿಸಿದ ನೀರಿನ ತಂಬಿಗೆ ಹೊರಸಿನ ಬಳಿಗೆ ಬಂತು. ಮಗಳು ಮುಂಜಾನೆ, ಸಂಜೆ ತುಳಸಿಕಟ್ಟೆಯವರೆಗೆ ನಡೆದಳು; ತಾಯಿ ಶಾಲು ಹಿಡಿದು ಹಿಂದೆಯೇ ನಡೆದಳು.

ಎಣ್ಣೆ ಹಚ್ಚಲು ಬರುವಾಕೆಗೂ ಒಂದು ಮಾತು ತಿಳಿಸಲಾಯಿತು. ಬಾಣಂತಿಯ ಕಾಲನ್ನು ದಿನವೂ ನೋಡುವ ಕಣ್ಣು ಅವಳದೇ. ಒಂದು ಕಾಲು ಮಾತ್ರ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಮನೆಯವರನ್ನು ಕೂಗಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆಯಲ್ಲಿ ಚುಚ್ಚಿದರೆ, ಎಂದೂ ಇಲ್ಲದ ತಲೆನೋವು ಬಂದರೆ, ದೃಷ್ಟಿ ಮಸುಕಾದರೆ, ಸೆಳೆತ ಬಂದರೆ ಆ ಗಳಿಗೆಯೇ ದವಾಖಾನೆಗೆ ಹೊರಡಬೇಕು. 1957ರಿಂದ ಹುಬ್ಬಳ್ಳಿಯಲ್ಲಿ ದೊಡ್ಡ ವೈದ್ಯಕೀಯ ಕಾಲೇಜಿದೆ; ಧಾರವಾಡದಿಂದ ದೂರ ಸುಮಾರು 20 ಕಿಲೋಮೀಟರು. ಬೆಳಗಾಗಲೆಂದು ಕಾಯುವ ರೋಗ ಇದಲ್ಲ.